ಸಕ್ಕರೆ ಹತೋಟಿಗೆ ಬಂದ ಮೇಲೂ ರಕ್ತನಾಳ ಕೆಡುವುದೇಕೆ?

ಪ್ರಶ್ನೆ: ನನಗೆ 54 ವರ್ಷ. ಟೈಪ್ 2 ಮಧುಮೇಹ ಶುರುವಾಗಿ ಒಂಬತ್ತು ವರ್ಷವಾಯಿತು. ಮೊದಮೊದಲು ಸರಿಯಾಗಿ ನೋಡಿಕೊಳ್ಳಲಿಲ್ಲ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 9ರ ಮೇಲೆಯೇ ಇರುತ್ತಿತ್ತು. ಈಗ ಎರಡು ವರ್ಷದಿಂದ 7ರ ಆಸುಪಾಸಿನಲ್ಲಿದೆ. ಆದರೂ ಈ ಸಲದ ಕಣ್ಣಿನ ತಪಾಸಣೆಯಲ್ಲಿ ರೆಟಿನಾದ ರಕ್ತನಾಳಗಳಲ್ಲಿ ಸಣ್ಣ ಸಣ್ಣ ಉಬ್ಬು ಕಂಡಿವೆಯಂತೆ. ‘ನಾಳದ ಕೋಶಗಳ ನಡುವಿನ ಸಂವಹನವೇ ಕೆಟ್ಟಿರುತ್ತದೆ’ ಎಂದು ವೈದ್ಯರು ಹೇಳಿದ್ದು ಅರ್ಥವಾಗಲಿಲ್ಲ. ಕೋಶಗಳು ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ? ಸಕ್ಕರೆ ಅದನ್ನು ಹೇಗೆ ಕೆಡಿಸುತ್ತದೆ? ಸರಿಪಡಿಸಬಹುದೇ? ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ ಎನ್ನುವ ಆರ್ಜಿನೀನ್ ಪುಡಿ ತೆಗೆದುಕೊಳ್ಳಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ, ಆರ್ಜಿನೀನ್ ಪುಡಿ ಬೇಡ. ಏಕೆ ಬೇಡ ಎಂಬುದು ಮುಂದೆ ಗೊತ್ತಾಗುತ್ತದೆ.

ಸಕ್ಕರೆ ಹೆಚ್ಚಾದರೆ ರಕ್ತ ಮಂದವಾಗಿ ನಾಳ ಕಟ್ಟಿಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಾಳ ಕಟ್ಟುವುದು ಕೊನೆಯ ಹಂತ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಾಳದ ಗೋಡೆಯ ಕೋಶಗಳ ನಡುವಿನ ಸೂಚನೆಗಳು ಏರುಪೇರಾಗಿರುತ್ತವೆ. ಹಿಗ್ಗಬೇಕಾದಲ್ಲಿ ನಾಳ ಹಿಗ್ಗುವುದಿಲ್ಲ, ಸೋರಬಾರದ ಕಡೆ ಸೋರುತ್ತದೆ, ಅಂಟಿಕೊಳ್ಳಬಾರದ ರಕ್ತಕಣ ಅಂಟಿಕೊಳ್ಳುತ್ತದೆ. ನಿಮ್ಮ ವೈದ್ಯರು ಹೇಳಿದ್ದು ಇದನ್ನೇ.

ರಕ್ತ ತಾಗುವ ಒಳಮೈಯಲ್ಲಿ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಅದೇ ಎಂಡೋಥೀಲಿಯಂ, ಇಲ್ಲಿ ಒಳಪದರ ಎನ್ನೋಣ. ಅಪಧಮನಿಗಳಲ್ಲಿ ಅದರ ಹೊರಗೆ ಸ್ನಾಯುಕೋಶಗಳು ಸುತ್ತುವರಿದಿರುತ್ತವೆ. ನಾಳ ಕುಗ್ಗುವುದು, ಹಿಗ್ಗುವುದು ಅವುಗಳಿಂದ. ತೀರ ಸೂಕ್ಷ್ಮ ರಕ್ತನಾಳವಾದ ಲೋಮನಾಳಕ್ಕೆ ಬಂದರೆ ಸ್ನಾಯುವಿನ ಪದರ ಇರುವುದಿಲ್ಲ. ಅಲ್ಲಿ ಪೆರಿಸೈಟ್ ಎಂಬ ಕೋಶಗಳು ಉದ್ದನೆಯ ಚಾಚುಗಳಿಂದ ನಾಳವನ್ನು ತಬ್ಬಿ ಹಿಡಿದಿರುತ್ತವೆ. ಪೆರಿಸೈಟ್‌ಗಳು ತೀರ ದಟ್ಟವಾಗಿರುವುದು ರೆಟಿನಾದಲ್ಲಿ, ಹೆಚ್ಚುಕಡಿಮೆ ಒಂದು ಒಳಪದರದ ಕೋಶಕ್ಕೆ ಒಂದು ಪೆರಿಸೈಟ್. ಮಧುಮೇಹದ ಪೆಟ್ಟು ಕಣ್ಣಿನಲ್ಲಿ ಬೇಗ ಕಾಣಲು ಇದೂ ಒಂದು ಕಾರಣ. ಮೈ ಕೊಯ್ಯದೆ ಸಣ್ಣ ರಕ್ತನಾಳಗಳನ್ನು ಇಷ್ಟು ಸ್ಪಷ್ಟವಾಗಿ ನೋಡಬಹುದಾದ ಜಾಗಗಳೂ ಕಡಿಮೆ.

ಇವುಗಳ ನಡುವಿನ ಸಂದೇಶಗಳಲ್ಲಿ ಹೆಚ್ಚು ಹೆಸರಾದದ್ದು ನೈಟ್ರಿಕ್ ಆಕ್ಸೈಡ್. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹಾಕಿದರೆ ಒಳಪದರ ಇರುವ ತುಂಡು ಸಡಿಲಗೊಳ್ಳುತ್ತದೆ, ಅದನ್ನು ಉಜ್ಜಿ ತೆಗೆದ ತುಂಡು ಸಡಿಲವಾಗುವುದಿಲ್ಲ ಎಂಬುದು ಕಂಡುಬಂತು. ಅಂದರೆ ಸ್ನಾಯುವಿಗೆ ಸಡಿಲವಾಗು ಎಂದು ಹೇಳುವುದು ಒಳಪದರ. ಆ ಸಂದೇಶವೇ ನೈಟ್ರಿಕ್ ಆಕ್ಸೈಡ್ ಅನಿಲ ಎಂಬುದು ಆಮೇಲೆ ಖಚಿತವಾಗಿ, 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಮೂವರಿಗೂ ನೊಬೆಲ್ ಬಂತು. ಒಳಪದರದ ಕೋಶದಲ್ಲಿ ಇನಾಸ್ ಎಂಬ ಕಿಣ್ವವಿದೆ. ಅದು ಆರ್ಜಿನೀನ್ ಎಂಬ ಅಮೈನೋ ಆಮ್ಲ ಮತ್ತು ಆಮ್ಲಜನಕದಿಂದ ಈ ಅನಿಲ ತಯಾರಿಸುತ್ತದೆ. ಅನಿಲ ಪಕ್ಕದ ಸ್ನಾಯುಕೋಶಕ್ಕೆ ನುಗ್ಗಿ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣುವನ್ನು ಹೆಚ್ಚಿಸುತ್ತದೆ, ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ಇಳಿಯುತ್ತದೆ, ನಾಳ ಹಿಗ್ಗುತ್ತದೆ. ಅನಿಲದ ಆಯಸ್ಸು ಕೆಲವೇ ಸೆಕೆಂಡು. ಹಾಗಾಗಿ ಅದನ್ನು ಕೂಡಿಡಲಾಗದು, ಆಗಿಂದಾಗ್ಗೆ ಮಾಡುತ್ತಲೇ ಇರಬೇಕು. ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟದಂತೆ ತಡೆಯುವ ಕೆಲಸವೂ ಇದರದೇ. ಇದಕ್ಕೆ ವಿರುದ್ಧ ಸೂಚನೆ ಕೊಡುವುದು ಅದೇ ಒಳಪದರದಿಂದ ಹೊರಡುವ ಎಂಡೋಥೀಲಿನ್-1, ಅಂದರೆ 21 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್. ಅದು ನಾಳವನ್ನು ಬಿಗಿಯುತ್ತದೆ.

ಎರಡನೆಯ ದಾರಿಯ ಬಗ್ಗೆ ಸಾಮಾನ್ಯ ಓದುಗರಿಗೆ ಯಾರೂ ಹೇಳುವುದಿಲ್ಲ, ನನ್ನ ಮಟ್ಟಿಗೆ ಅದೇ ಹೆಚ್ಚು ಕುತೂಹಲದ್ದು. ಅಕ್ಕಪಕ್ಕದ ಕೋಶಗಳ ನಡುವೆ ಗ್ಯಾಪ್ ಜಂಕ್ಷನ್ ಎಂಬ ನೇರ ರಂಧ್ರಗಳಿವೆ. ಕನೆಕ್ಸಿನ್ ಎಂಬ ಪ್ರೋಟೀನಿನ ಆರು ತುಂಡು ಸೇರಿದರೆ ಅರ್ಧ ರಂಧ್ರ. ಪಕ್ಕದ ಕೋಶವೂ ತನ್ನ ಅರ್ಧವನ್ನು ಎದುರಿಗೆ ತಂದು ಕೂಡಿಸಿದರೆ ಪೂರ್ತಿ ರಂಧ್ರ. ಸುಮಾರು 1000 ಡಾಲ್ಟನ್‌ಗಿಂತ ಚಿಕ್ಕದಾದ ಅಣುಗಳು, ಅಯಾನುಗಳು ಅದರೊಳಗೆ ಸಲೀಸಾಗಿ ದಾಟುತ್ತವೆ. ರಕ್ತನಾಳದಲ್ಲಿ ಮುಖ್ಯವಾದವು ಕನೆಕ್ಸಿನ್ 37, 40, 43 ಮತ್ತು 45. ಒಳಪದರದ ಕೋಶಗಳು ತಮ್ಮತಮ್ಮೊಳಗೆ ಹೀಗೆ ಜೋಡಿಕೊಂಡಿರುವುದಲ್ಲದೆ, ಸಣ್ಣ ಅಪಧಮನಿಗಳಲ್ಲಿ ನಡುವಿನ ಸ್ಥಿತಿಸ್ಥಾಪಕ ಪದರದ ತೂತುಗಳ ಮೂಲಕ ಚಾಚು ಕಳಿಸಿ ಸ್ನಾಯುಕೋಶಗಳೊಂದಿಗೂ ಜೋಡಿಕೊಳ್ಳುತ್ತವೆ.

ಇದರ ಉಪಯೋಗ ತಿಳಿಯಲು ನೀವು ನಡೆಯುವಾಗ ಕಾಲಿನಲ್ಲಿ ಆಗುವುದನ್ನು ನೋಡಿ. ಕೆಲಸ ಮಾಡುವ ಸ್ನಾಯುವಿಗೆ ಹೆಚ್ಚು ರಕ್ತ ಬೇಕು. ಸ್ನಾಯುವಿನೊಳಗಿನ ತೀರ ಸಣ್ಣ ನಾಳವೊಂದೇ ಹಿಗ್ಗಿದರೆ ಸಾಲದು, ಅದಕ್ಕೆ ರಕ್ತ ತರುವ ಮೇಲಿನ ನಾಳವೂ ಹಿಗ್ಗಬೇಕು. ಕೆಳಗೆ ಹುಟ್ಟಿದ ವಿದ್ಯುತ್ ಬದಲಾವಣೆ ಒಳಪದರದ ಕೋಶದಿಂದ ಕೋಶಕ್ಕೆ ಈ ರಂಧ್ರಗಳ ಮೂಲಕವೇ ಸಾಗಿ, ಕ್ಷಣಾರ್ಧದಲ್ಲಿ ಹಲವು ಮಿಲಿಮೀಟರ್ ಮೇಲಕ್ಕೆ ತಲುಪುತ್ತದೆ. ನೈಟ್ರಿಕ್ ಆಕ್ಸೈಡಿನ ಪ್ರಭಾವ ದೊಡ್ಡ ನಾಳಗಳಲ್ಲಿ ಜಾಸ್ತಿ. ನಾಳ ಚಿಕ್ಕದಾದಷ್ಟೂ ಈ ವಿದ್ಯುತ್ ದಾರಿಯ ಪಾಲು ಹೆಚ್ಚುತ್ತದೆ.

ಇವಲ್ಲದೆ ಕೋಶಗಳು ಬಿಡುಗಡೆ ಮಾಡುವ ನ್ಯಾನೋಮೀಟರ್ ಗಾತ್ರದ ಕೋಶಕಗಳೂ, ಅಂದರೆ ಪುಟ್ಟ ಚೀಲಗಳೂ ಇವೆ. ಅವುಗಳಲ್ಲಿ ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಮೈಕ್ರೋಆರ್‌ಎನ್‌ಎ ಎಂಬ ಅಣುಗಳು ತುಂಬಿರುತ್ತವೆ. ಒಳಪದರದ ಆರೋಗ್ಯ ಕಾಯುವ ಮೈಕ್ರೋಆರ್‌ಎನ್‌ಎ-126 ಟೈಪ್ 2 ಮಧುಮೇಹಿಗಳ ರಕ್ತದಲ್ಲಿ ಕಡಿಮೆ ಇರುವುದು ಕಂಡುಬಂದಿದೆ. ಆದರೆ ಅದನ್ನು ಆಧರಿಸಿದ ಚಿಕಿತ್ಸೆ ಇನ್ನೂ ಬಂದಿಲ್ಲವಾದ್ದರಿಂದ ಮುಂದಕ್ಕೆ ಹೋಗೋಣ.

ಸಕ್ಕರೆ ಇದನ್ನೆಲ್ಲ ಕೆಡಿಸುವುದು ಹೇಗೆ? ಮೈಯ ಹೆಚ್ಚಿನ ಕೋಶಗಳು ಹೊರಗೆ ಗ್ಲೂಕೋಸ್ ಏರಿದರೆ ಒಳಗೆ ಬಿಟ್ಟುಕೊಳ್ಳುವುದನ್ನು ತಗ್ಗಿಸುತ್ತವೆ. ನಾಳದ ಸ್ನಾಯುಕೋಶವೂ ಹಾಗೆ ಮಾಡುತ್ತದೆ. ಒಳಪದರದ ಕೋಶಕ್ಕೆ ಅದು ಆಗುವುದಿಲ್ಲ. ಅದರ ಗ್ಲೂಕೋಸ್ ಬಾಗಿಲಾದ ಗ್ಲುಟ್-1ಕ್ಕೆ ಇನ್ಸುಲಿನ್ನಿನ ಅಪ್ಪಣೆ ಬೇಕಿಲ್ಲ, ಹೊರಗೆ ಹೆಚ್ಚಾಯಿತೆಂದು ಅದು ಮುಚ್ಚಿಕೊಳ್ಳುವುದೂ ಇಲ್ಲ. ರಕ್ತದಲ್ಲಿ ಸಕ್ಕರೆ 250 ಇದ್ದರೆ ಆ ಹೊರೆ ನೇರವಾಗಿ ಕೋಶದೊಳಕ್ಕೆ ಇಳಿಯುತ್ತದೆ.

ಒಳಗೆ ಬಂದ ಹೆಚ್ಚುವರಿ ಗ್ಲೂಕೋಸನ್ನು ಉರಿಸುವಾಗ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಸೂಪರ್‌ಆಕ್ಸೈಡ್ ಎಂಬ ಚುರುಕಾದ ಆಮ್ಲಜನಕ ರೂಪ ಹೆಚ್ಚುತ್ತದೆ. ಅದರಿಂದ ಗ್ಲೂಕೋಸ್ ಒಡೆಯುವ ಸರಪಳಿಯ ನಡುವಿನ ಒಂದು ಕಿಣ್ವ ಮಂದವಾಗಿ, ಅದಕ್ಕಿಂತ ಹಿಂದಿನ ಹಂತಗಳ ಪದಾರ್ಥಗಳು ರಾಶಿಬಿದ್ದು ಅಡ್ಡದಾರಿ ಹಿಡಿಯುತ್ತವೆ. ಇದನ್ನು ಒಟ್ಟಾರೆ ಚಿತ್ರವಾಗಿ 2001ರಲ್ಲಿ ಮುಂದಿಟ್ಟವರು ಮೈಕೆಲ್ ಬ್ರೌನ್ಲೀ. ಒಂದು ದಾರಿಯಲ್ಲಿ ಗ್ಲೂಕೋಸ್ ಸಾರ್ಬಿಟಾಲ್ ಆಗುತ್ತದೆ, ಕೋಶದ ಸ್ವಂತ ರಕ್ಷಣೆಗೆ ಬೇಕಾದ ಗ್ಲುಟಾಥಯೋನ್ ಅನ್ನು ಮರುತಯಾರಿಸುವ ಶಕ್ತಿ ಅಲ್ಲಿ ಖರ್ಚಾಗುತ್ತದೆ. ಇನ್ನೊಂದು ದಾರಿಯಲ್ಲಿ ಪ್ರೋಟೀನ್ ಕೈನೇಸ್-ಸಿ ಎಂಬ ಕಿಣ್ವ ಚುರುಕಾಗಿ ನೈಟ್ರಿಕ್ ಆಕ್ಸೈಡ್ ತಗ್ಗುತ್ತದೆ, ಎಂಡೋಥೀಲಿನ್ ಏರುತ್ತದೆ. ಮೂರನೆಯದರಲ್ಲಿ ಸಕ್ಕರೆಯಿಂದಾದ ಒಂದು ತುಣುಕು ಇನಾಸ್ ಕಿಣ್ವದ ಮೇಲೆ, ಅದನ್ನು ಚಾಲೂ ಮಾಡುವ ಫಾಸ್ಫೇಟ್ ಕೂರಬೇಕಾದ ಜಾಗದಲ್ಲೇ ಹೋಗಿ ಕೂರುತ್ತದೆ. ನಾಲ್ಕನೆಯದರಲ್ಲಿ ಗ್ಲೂಕೋಸಿನ ಚೂರುಗಳು ಪ್ರೋಟೀನುಗಳಿಗೆ ಶಾಶ್ವತವಾಗಿ ಅಂಟಿಕೊಂಡು ಎಜಿಇ ಎಂಬ ಪದಾರ್ಥಗಳಾಗುತ್ತವೆ. ಇವು ಒಳಪದರದ ಮೇಲಿನ ತಮ್ಮ ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ತಾಗಿದಾಗ, ಬಿಳಿ ರಕ್ತಕಣಗಳನ್ನು ಹಿಡಿದು ನಿಲ್ಲಿಸುವ ವಿಕ್ಯಾಮ್-1ರಂಥ ಅಂಟು ಪ್ರೋಟೀನುಗಳು ಮೇಲ್ಮೈಗೆ ಬರುತ್ತವೆ. ಉರಿಯೂತ ಶುರುವಾಗುವುದು ಅಲ್ಲಿಂದ.

ಈಗ ಆರ್ಜಿನೀನ್ ವಿಷಯ. ಇನಾಸ್ ಕಿಣ್ವ ಸರಿಯಾಗಿ ನಡೆಯಲು ಬಿಎಚ್4 ಎಂಬ ಸಹಾಯಕ ಅಣು ಬೇಕು. ಸೂಪರ್‌ಆಕ್ಸೈಡ್ ನೈಟ್ರಿಕ್ ಆಕ್ಸೈಡ್ ಜೊತೆ ಕೂಡಿ ಪೆರಾಕ್ಸಿನೈಟ್ರೈಟ್ ಆಗುತ್ತದೆ, ಅದು ಬಿಎಚ್4 ಅನ್ನು ಹಾಳುಗೆಡವುತ್ತದೆ. ಬಿಎಚ್4 ಇಲ್ಲದ ಇನಾಸ್ ಸುಮ್ಮನೆ ನಿಂತುಬಿಟ್ಟಿದ್ದರೆ ಅರ್ಧ ನಷ್ಟವಾಗುತ್ತಿತ್ತು. ಅದು ನಿಲ್ಲುವುದಿಲ್ಲ, ನೈಟ್ರಿಕ್ ಆಕ್ಸೈಡ್ ಬಿಟ್ಟು ತಾನೇ ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ಅದರಿಂದ ಇನ್ನಷ್ಟು ಬಿಎಚ್4 ಕೆಡುತ್ತದೆ. ಕೊರತೆ ಇರುವುದು ಸಹಾಯಕ ಅಣುವಿನದು, ಕಚ್ಚಾವಸ್ತುವಿನದಲ್ಲ. ಈ ಕಿಣ್ವಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಆರ್ಜಿನೀನ್ ರಕ್ತದಲ್ಲಿ ಸಾಮಾನ್ಯವಾಗಿಯೇ ಇರುತ್ತದೆ. ಹೃದಯಾಘಾತವಾದವರಿಗೆ ಆರ್ಜಿನೀನ್ ಕೊಟ್ಟು ನೋಡಿದ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪ್ರಯೋಜನ ಕಾಣಲಿಲ್ಲ. ಆರ್ಜಿನೀನ್ ಪಡೆದವರಲ್ಲಿ ಆರು ಜನ ಸತ್ತರು, ಹುಸಿಮಾತ್ರೆ ಪಡೆದವರಲ್ಲಿ ಯಾರೂ ಸಾಯಲಿಲ್ಲ, ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಸೂಪರ್‌ಆಕ್ಸೈಡಿನಂಥವನ್ನು ತಣಿಸುತ್ತದೆ ಎಂದು ಕೊಡುವ ವಿಟಮಿನ್ ಇ ಕಥೆಯೂ ಅಷ್ಟಕ್ಕಷ್ಟೆ. ದಿನಕ್ಕೆ 400 ಯೂನಿಟ್ ಕೊಟ್ಟು ನಡೆಸಿದ ಹೋಪ್ ಅಧ್ಯಯನದಲ್ಲಿ (2000) ಹೃದಯ, ರಕ್ತನಾಳಗಳಿಗೆ ಅದರಿಂದ ಲಾಭವಾಗಲಿಲ್ಲ. ಸೂಪರ್‌ಆಕ್ಸೈಡ್ ಹುಟ್ಟುವುದು ಮೈಟೊಕಾಂಡ್ರಿಯಾದ ಒಳಗೆ, ನೈಟ್ರಿಕ್ ಆಕ್ಸೈಡನ್ನು ಅದು ಕಬಳಿಸುವ ವೇಗಕ್ಕೆ ನುಂಗಿದ ವಿಟಮಿನ್ ಸಾಟಿಯಾಗುವುದಿಲ್ಲ.

ಇನ್ಸುಲಿನ್ ಕೂಡ ಒಳಪದರಕ್ಕೆ ಒಂದು ಸಂದೇಶವೇ. ಅದರ ಒಂದು ಕವಲು ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ, ಇನ್ನೊಂದು ಎಂಡೋಥೀಲಿನ್ ಹೆಚ್ಚಿಸುತ್ತದೆ. ಇನ್ಸುಲಿನ್ ಪ್ರತಿರೋಧ ಬಂದಾಗ ಮಂಕಾಗುವುದು ಮೊದಲ ಕವಲು ಮಾತ್ರ, ಎರಡನೆಯದು ಹಾಗೆಯೇ ಕೆಲಸ ಮಾಡುತ್ತಿರುತ್ತದೆ. ಪ್ರತಿರೋಧ ಮೀರಲು ದೇಹ ಇನ್ಸುಲಿನ್ ಹೆಚ್ಚಿಸಿದಷ್ಟೂ ತಕ್ಕಡಿ ನಾಳ ಬಿಗಿಯುವ ಕಡೆಗೇ ವಾಲುತ್ತದೆ. ಮಧುಮೇಹಕ್ಕೆ ಬಿಪಿ ಜೊತೆಗೂಡುವ ಕಾರಣಗಳಲ್ಲಿ ಇದೂ ಒಂದು.

ಗ್ಯಾಪ್ ಜಂಕ್ಷನ್‌ಗಳಿಗೆ ಬೇರೊಂದು ದೌರ್ಬಲ್ಯವಿದೆ. ಕನೆಕ್ಸಿನ್ ಪ್ರೋಟೀನಿನ ಆಯಸ್ಸು ಕೆಲವೇ ಗಂಟೆ, ಕೋಶ ಅದನ್ನು ದಿನವಿಡೀ ಹೊಸದಾಗಿ ಮಾಡುತ್ತಿರಬೇಕು. ತಯಾರಿಕೆ ಸ್ವಲ್ಪ ಕುಂದಿದರೂ ರಂಧ್ರಗಳ ಸಂಖ್ಯೆ ಬೇಗ ಇಳಿಯುತ್ತದೆ. ಹೆಚ್ಚು ಗ್ಲೂಕೋಸಿನಲ್ಲಿ ಬೆಳೆಸಿದ ರೆಟಿನಾದ ಒಳಪದರದ ಕೋಶಗಳಲ್ಲಿ ಕನೆಕ್ಸಿನ್ 43 ಕಡಿಮೆಯಾಗುತ್ತದೆ, ಮಧುಮೇಹವಿರುವ ಇಲಿಗಳ ಹೃದಯದ ನಾಳಗಳಲ್ಲಿ ಕನೆಕ್ಸಿನ್ 40 ಕಡಿಮೆಯಾಗಿದ್ದು ಕಂಡಿದೆ. ಮೇಲೆ ಹೇಳಿದ ಪ್ರೋಟೀನ್ ಕೈನೇಸ್-ಸಿ ಕನೆಕ್ಸಿನ್ 43ಕ್ಕೆ ಫಾಸ್ಫೇಟ್ ಅಂಟಿಸಿ, ಉಳಿದ ರಂಧ್ರಗಳನ್ನೂ ಮುಚ್ಚಿಸುತ್ತದೆ. ಆಗ ಕೋಶಗಳು ಒಂಟಿಯಾಗುತ್ತವೆ. ಹಿಗ್ಗುವ ಸೂಚನೆ ಮೇಲಿನ ನಾಳಕ್ಕೆ ತಲುಪುವುದಿಲ್ಲ, ಬದುಕಲು ಬೇಕಾದ ಸಣ್ಣ ಅಣುಗಳ ಹಂಚಿಕೆಯೂ ತಪ್ಪಿ ಕೋಶಗಳು ಸಾಯತೊಡಗುತ್ತವೆ.

ನಿಮ್ಮ ಕಣ್ಣಿನಲ್ಲಿ ಕಂಡ ಉಬ್ಬುಗಳಿಗೆ ಬರೋಣ. ಲೋಮನಾಳದ ಒಳಪದರ ಪಿಡಿಜಿಎಫ್-ಬಿ ಎಂಬ ಸಂದೇಶ ಕಳಿಸಿ ಪೆರಿಸೈಟನ್ನು ಬದುಕಿಸಿ ಹತ್ತಿರ ಇಟ್ಟುಕೊಳ್ಳುತ್ತದೆ. ಪೆರಿಸೈಟ್ ಪ್ರತಿಯಾಗಿ ಆಂಜಿಯೊಪೊಯೆಟಿನ್-1 ಕಳಿಸುತ್ತದೆ: ಗಟ್ಟಿಯಾಗಿ ನಿಲ್ಲು, ಸಂದು ಬಿಡಬೇಡ ಎಂದು ಅದರ ಅರ್ಥ. ಸಕ್ಕರೆ ಏರಿದಾಗ ಪೆರಿಸೈಟಿನೊಳಗೆ ಪ್ರೋಟೀನ್ ಕೈನೇಸ್-ಸಿಯ ಡೆಲ್ಟಾ ರೂಪ ಎಚ್ಚೆತ್ತು ಎಸ್‌ಎಚ್‌ಪಿ-1 ಎಂಬ ಇನ್ನೊಂದು ಕಿಣ್ವವನ್ನು ಹೆಚ್ಚಿಸುತ್ತದೆ. ಅದು ಪಿಡಿಜಿಎಫ್ ಗ್ರಾಹಕವನ್ನು ಆರಿಸಿಬಿಡುತ್ತದೆ. ಸಂದೇಶ ಬರುತ್ತಿದ್ದರೂ ಪೆರಿಸೈಟಿಗೆ ಕೇಳಿಸುವುದಿಲ್ಲ, ಅದು ಸಾಯುತ್ತದೆ. ಇತ್ತ ಆಂಜಿಯೊಪೊಯೆಟಿನ್-2 ಹೆಚ್ಚಿ ಆಂಜಿಯೊಪೊಯೆಟಿನ್-1ರ ಜಾಗ ಆಕ್ರಮಿಸುತ್ತದೆ. ಹಿಡಿದವರಿಲ್ಲದ ಕಡೆ ನಾಳದ ಗೋಡೆ ಉಬ್ಬುತ್ತದೆ. ನೇತ್ರತಜ್ಞರು ಕಂಡ ಕೆಂಪು ಚುಕ್ಕೆ ಅದೇ. ಕೆಲವು ಲೋಮನಾಳಗಳು ಕೋಶಗಳೇ ಇಲ್ಲದ ಬರೀ ಕೊಳವೆಯಾಗಿ ಉಳಿದು, ಅಲ್ಲಿ ರಕ್ತ ಹರಿಯುವುದು ನಿಲ್ಲುತ್ತದೆ. ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಎಂಬ, ನಾಳ ಬೆಳೆಸುವ ಸಂದೇಶ ಬಿಡುತ್ತದೆ. ಅದರಿಂದ ನಾಳ ಸೋರುತ್ತದೆ, ಮುಂದುವರಿದರೆ ಹೊಸ ದುರ್ಬಲ ನಾಳಗಳು ಹುಟ್ಟುತ್ತವೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾ ಊದಿಕೊಂಡಾಗ ಕಣ್ಣೊಳಗೆ ಕೊಡುವ ಇಂಜೆಕ್ಷನ್ ತಡೆಯುವುದು ಈ ವಿಇಜಿಎಫ್ ಸಂದೇಶವನ್ನೇ. ಫ್ಯಾರಿಸಿಮ್ಯಾಬ್ ಎಂಬ ಔಷಧಿ ಆಂಜಿಯೊಪೊಯೆಟಿನ್-2ನ್ನೂ ತಡೆಯುತ್ತದೆ. ಬರೀ ಉಬ್ಬುಗಳಿರುವ ನಿಮ್ಮ ಹಂತಕ್ಕೆ ಇಂಜೆಕ್ಷನ್ ಬೇಕಾಗುವುದಿಲ್ಲ.

ಸಕ್ಕರೆ ಇಳಿದ ಮೇಲೂ ಇದೇಕೆ ನಿಲ್ಲಲಿಲ್ಲ? ಪೆರಿಸೈಟ್ ಹೀಗೆ ಸಾಯುವುದನ್ನು ತೋರಿಸಿದ ಅಧ್ಯಯನದಲ್ಲೇ, ಮಧುಮೇಹವಿದ್ದ ಇಲಿಗಳಿಗೆ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಸಹಜ ಮಟ್ಟಕ್ಕೆ ತಂದರೂ ಪ್ರೋಟೀನ್ ಕೈನೇಸ್-ಸಿ ಡೆಲ್ಟಾದ ಚುರುಕು ತಗ್ಗಲಿಲ್ಲ, ಸತ್ತ ಲೋಮನಾಳಗಳು ಮರಳಲಿಲ್ಲ. ಮನುಷ್ಯರಲ್ಲಿ ಇದರ ಸಾಕ್ಷ್ಯ ಇನ್ನೂ ದೊಡ್ಡದು. 1983ರಿಂದ 1993ರವರೆಗೆ ಟೈಪ್ 1 ಮಧುಮೇಹದ 1441 ಜನರ ಮೇಲೆ ನಡೆದ ಡಿಸಿಸಿಟಿ ಅಧ್ಯಯನದಲ್ಲಿ ಒಂದು ಗುಂಪಿನ ಎಚ್‌ಬಿಎ1ಸಿ ಸುಮಾರು 7, ಇನ್ನೊಂದರದು ಸುಮಾರು 9 ಇತ್ತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪು 8ರ ಹತ್ತಿರಕ್ಕೆ ಬಂದು ಸೇರಿದವು. ಆದರೆ ಕಣ್ಣು, ಕಿಡ್ನಿಯ ತೊಂದರೆಯಲ್ಲಿನ ಅಂತರ ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಮೊದಲು ಚೆನ್ನಾಗಿದ್ದವರಿಗೆ ಆಮೇಲೂ ರಕ್ಷಣೆ ಸಿಕ್ಕಿತು, ಮೊದಲು ಕೆಟ್ಟಿದ್ದವರನ್ನು ಹಳೆಯ ಸಕ್ಕರೆ ಬೆನ್ನು ಬಿಡಲಿಲ್ಲ. ಎಜಿಇಗಳು ನಾಳದ ತಳಪೊರೆಯ ಕೊಲಾಜೆನ್ನಿಗೆ ಅಂಟಿರುತ್ತವೆ, ಆ ಕೊಲಾಜೆನ್ ಬದಲಾಗಲು ಬಹುಕಾಲ ಹಿಡಿಯುತ್ತದೆ. ಜೊತೆಗೆ ಜೀನುಗಳ ಮೇಲೂ ಗುರುತು ಉಳಿಯುತ್ತದೆ. ಒಳಪದರದ ಕೋಶಗಳನ್ನು ಕೇವಲ 16 ಗಂಟೆ ಹೆಚ್ಚು ಗ್ಲೂಕೋಸಿನಲ್ಲಿಟ್ಟು ಆಮೇಲೆ ಸಹಜ ಮಟ್ಟಕ್ಕೆ ತಂದಾಗ, ಉರಿಯೂತದ ಜೀನಿನ ಮೇಲಿನ ರಾಸಾಯನಿಕ ಗುರುತು ಆರು ದಿನ ಕಳೆದರೂ ಹೋಗಿರಲಿಲ್ಲ.

ಹಾಗೆಂದು ನಿಮ್ಮ ಎರಡು ವರ್ಷದ ಶ್ರಮ ದಂಡವಾಗಿಲ್ಲ. ಇನಾಸ್, ಕನೆಕ್ಸಿನ್, ಅಂಟು ಪ್ರೋಟೀನುಗಳ ಏರುಪೇರು ಬಹುಮಟ್ಟಿಗೆ ಹಿಂದಕ್ಕೆ ಬರಬಲ್ಲದು. ಸತ್ತ ಪೆರಿಸೈಟ್ ಮರಳುವುದಿಲ್ಲ. ಈಗಿನ ಗುರಿ, ಉಳಿದವನ್ನು ಉಳಿಸಿಕೊಳ್ಳುವುದು. ಗಾಬರಿಯಿಂದ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತಳ್ಳಲು ಹೋಗಬೇಡಿ. ಹಾಗೆ ಗುರಿ ಇಟ್ಟ ಅಕಾರ್ಡ್ ಅಧ್ಯಯನದಲ್ಲಿ ಸಾವು ಹೆಚ್ಚಿದ್ದರಿಂದ 2008ರಲ್ಲಿ ಆ ತೀವ್ರ ಚಿಕಿತ್ಸೆಯನ್ನು ನಿಲ್ಲಿಸಲಾಯಿತು. 7ರ ಆಸುಪಾಸು ನಿಮಗೆ ಸರಿಯಾಗಿದೆ. ಬಹುಕಾಲ 10ರ ಮೇಲಿದ್ದವರು ಕೆಲವೇ ತಿಂಗಳಲ್ಲಿ 7ಕ್ಕೆ ಇಳಿಸಿದಾಗ ರೆಟಿನಾದ ತೊಂದರೆ ತಾತ್ಕಾಲಿಕವಾಗಿ ಉಲ್ಬಣಿಸುವುದೂ ಉಂಟು. ಅಂಥವರು ಔಷಧಿ ಬಲಪಡಿಸುವ ಮುಂಚೆಯೇ ಕಣ್ಣು ತೋರಿಸಿ, ಆಮೇಲೆ ಆರಂಭದಲ್ಲಿ ಮೂರು ತಿಂಗಳಿಗೊಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಸಕ್ಕರೆಯಷ್ಟೇ ಗಮನ ಬಿಪಿಗೂ ಕೊಡಿ, ಇದನ್ನು ಜನ ತೀರ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಸರಾಸರಿ ಬಿಪಿ 154/87 ಇದ್ದವರಿಗಿಂತ 144/82 ಇದ್ದವರಲ್ಲಿ ಸಣ್ಣ ನಾಳಗಳ ತೊಂದರೆ ಶೇ. 37ರಷ್ಟು ಕಡಿಮೆಯಾಯಿತು. ಈಗಿನ ಗುರಿ 130/80ರ ಒಳಗೆ. ಹೆಸರಿನ ಕೊನೆಯಲ್ಲಿ ‘ಪ್ರಿಲ್’ ಅಥವಾ ‘ಸಾರ್ಟನ್’ ಬರುವ ಬಿಪಿ ಮಾತ್ರೆಗಳು ನಾಳ ಬಿಗಿಯುವ ಹಾರ್ಮೋನಾದ ಆಂಜಿಯೊಟೆನ್ಸಿನ್‌ನಿಂದ ಹುಟ್ಟುವ ಸೂಪರ್‌ಆಕ್ಸೈಡನ್ನೂ ತಗ್ಗಿಸುತ್ತವೆ. ಸ್ಟ್ಯಾಟಿನ್ ಕೊಲೆಸ್ಟರಾಲ್ ಇಳಿಸುವುದರ ಜೊತೆಗೆ ಇನಾಸ್ ಪ್ರಮಾಣ ಹೆಚ್ಚಿಸುತ್ತದೆ. ಟ್ರೈಗ್ಲಿಸರೈಡ್‌ಗೆ ಕೊಡುವ ಫೆನೊಫೈಬ್ರೇಟ್ ರೆಟಿನಾದ ತೊಂದರೆ ಮುಂದುವರಿಯುವುದನ್ನು ನಿಧಾನಿಸಿದ್ದು ಎರಡು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ನಿಮಗದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ, ಮೊದಲು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಬೇಕಾಗುತ್ತದೆ. ಸಿಗರೇಟ್ ಇದ್ದರೆ ಬಿಡಿ, ಅದರ ಹೊಗೆಯೂ ಬಿಎಚ್4ನ್ನೇ ಕೆಡಿಸುತ್ತದೆ.

ನಡಿಗೆಯಿಂದ ಆಗುವ ಲಾಭ ಬರೀ ಕ್ಯಾಲೊರಿ ಲೆಕ್ಕದ್ದಲ್ಲ. ರಕ್ತ ವೇಗವಾಗಿ ಹರಿಯುವಾಗ ಒಳಪದರದ ಮೇಲೆ ಬೀಳುವ ಉಜ್ಜುವಿಕೆಯೇ ಇನಾಸ್ ಹೆಚ್ಚು ಮಾಡು ಎಂಬ ಸೂಚನೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ. ಈ ಹಂತದಲ್ಲಿ ವ್ಯಾಯಾಮಕ್ಕೆ ಕಣ್ಣಿನಿಂದ ಅಡ್ಡಿಯಿಲ್ಲ. ಮುಂದೆಂದಾದರೂ ಹೊಸ ನಾಳ ಹುಟ್ಟಿವೆ ಎಂದರೆ ಮಾತ್ರ ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ನಿಲ್ಲಿಸಬೇಕು.

ಗಂಡಸರಲ್ಲಿ ನಿಮಿರುವಿಕೆಯ ತೊಂದರೆ ಎಷ್ಟೋ ಸಲ ಇದೇ ನೈಟ್ರಿಕ್ ಆಕ್ಸೈಡ್ ಕೊರತೆಯ ಮೊದಲ ಸೂಚನೆ, ಸಂಕೋಚ ಬಿಟ್ಟು ವೈದ್ಯರಿಗೆ ಹೇಳಬೇಕು. ಸಿಲ್ಡೆನಾಫಿಲ್ ಮಾತ್ರೆ ಸೈಕ್ಲಿಕ್ ಜಿಎಂಪಿ ಒಡೆಯದಂತೆ ತಡೆಯುತ್ತದೆಯೇ ಹೊರತು ನೈಟ್ರಿಕ್ ಆಕ್ಸೈಡ್ ಹುಟ್ಟಿಸುವುದಿಲ್ಲ. ಮಧುಮೇಹಿಗಳಲ್ಲಿ ಅದರ ಪರಿಣಾಮ ಕಡಿಮೆಯಾಗಲು ಇದೂ ಕಾರಣ. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಕೋಶಗಳ ಸಂವಹನವನ್ನು ನೇರವಾಗಿ ಅಳೆಯುವ ರಕ್ತಪರೀಕ್ಷೆ ಚಿಕಿತ್ಸೆಯ ಮಟ್ಟದಲ್ಲಿ ಇಲ್ಲ. ತೋಳಿಗೆ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆದು ಬಿಟ್ಟು, ಅಪಧಮನಿ ಎಷ್ಟು ಹಿಗ್ಗಿತೆಂದು ಅಲ್ಟ್ರಾಸೌಂಡಿನಲ್ಲಿ ನೋಡುವ ವಿಧಾನವಿದೆ. ಅದು ಸಂಶೋಧನೆಗೆ ಸರಿ, ನಿಮ್ಮ ಚಿಕಿತ್ಸೆಯನ್ನು ಬದಲಿಸುವುದಿಲ್ಲ. ನಿಮಗೆ ಬೇಕಾದ್ದು ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್)-ಕ್ರಿಯಾಟಿನಿನ್ ಅನುಪಾತ. ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿ.ಗ್ರಾಂ ದಾಟಿದರೆ ಕಿಡ್ನಿಯ ಒಳಪದರವೂ ಸೋರುತ್ತಿದೆ ಎಂದರ್ಥ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರಿ ವ್ಯಾಯಾಮ ಇದ್ದರೂ ಏರುತ್ತದೆ. ಹಾಗಾಗಿ ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಖಚಿತ. ಪಾದದ ಸ್ಪರ್ಶಜ್ಞಾನ ನೋಡುವ 10 ಗ್ರಾಂ ಮಾನೊಫಿಲಮೆಂಟ್ (ನೈಲಾನ್ ಎಳೆ) ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ. ಕಾಲಿನ ರಕ್ತಪರಿಚಲನೆ ನೋಡಲು ಕಣಕಾಲಿನ ಬಿಪಿಯನ್ನು ತೋಳಿನದರ ಜೊತೆ ಹೋಲಿಸುವಾಗ ಅನುಪಾತ 1.4 ದಾಟಿದರೆ ಚೆನ್ನಾಗಿದೆ ಎಂದು ಖುಷಿಪಡಬೇಡಿ, ಸುಣ್ಣ ಸೇರಿ ಗಡುಸಾದ ನಾಳ ಪಟ್ಟಿಗೆ ಒತ್ತಿಕೊಳ್ಳುತ್ತಿಲ್ಲ ಎಂದಷ್ಟೇ ಅದರ ಅರ್ಥ. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕು. ಪಾಪೆ ಹಿಗ್ಗಿಸಿ ಮಾಡುವ ರೆಟಿನಾ ತಪಾಸಣೆ ನಿಮಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ನಿಮ್ಮ ನೇತ್ರತಜ್ಞರು ಹೇಳಿದಂತೆ. ನಡುವೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಏಕಾಏಕಿ ತೇಲಿದರೆ, ಪರದೆ ಬಿದ್ದಂತಾದರೆ, ನೇರ ಗೆರೆಗಳು ಸೊಟ್ಟಗೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಹೋಗಿ ತೋರಿಸಿ.